ಒಂಬತ್ತು ಲಕ್ಷಕ್ಕೆ ಆಡಿ ಬರುತ್ತೆ, ಆಮೇಲೆ? ಹಳೇ ಐಷಾರಾಮಿ ಕಾರನ್ನು ತೂಗಿ ನೋಡುವ ಪಾಠ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ಎಂಜಿನಿಯರಿಂಗ್ ಓದೋಕೆ ಬಂದವರಿಗೆಲ್ಲ ಒಂದಲ್ಲ ಒಂದು ದಿನ ಊರಿಂದ ಈ ಫೋನು ಬರುತ್ತೆ. ನೀವು ಮೆಕ್ಯಾನಿಕಲ್ಲೋ, ಕಂಪ್ಯೂಟರ್ ಸೈನ್ಸೋ, ಅದು ಮುಖ್ಯ ಅಲ್ಲ. "ಅಲ್ಲ ಕಣಪ್ಪಾ, ಹೊಸಾ ಸ್ವಿಫ್ಟಿಗೆ ಕೊಡೋ ದುಡ್ಡಿಗೆ ಹಳೇ ಆಡಿ ಬತ್ತದಂತೆ. ನೀನು ಓದಿರೋನು, ತಗಬೋದಾ ಹೇಳು ನೋಡಾನ" ಅಂತ ದೊಡ್ಡಪ್ಪನೋ ಮಾವನೋ ಕೇಳ್ತಾರೆ. "ಬೇಡ ಮಾವ, ಖರ್ಚು ಜಾಸ್ತಿ" ಅಂದರೆ ಅವರಿಗೆ ಸಮಾಧಾನ ಆಗಲ್ಲ. "ತಗೋ ಮಾವ, ಸೂಪರ್ ಗಾಡಿ" ಅಂದರೆ ನಾಳೆ ಬೈಗುಳ ನಮಗೇ. ಲೆಕ್ಕ ಹಾಕಿ ಉತ್ತರ ಹೇಳೋದು ಹೇಗೆ ಅನ್ನೋದು ಈ ಪಾಠ.

ಒಂಬತ್ತು ಲಕ್ಷ ಅಂದರೆ ನಮ್ಮ ಕಡೆ ಎಷ್ಟು ದುಡ್ಡು ಅನ್ನೋದನ್ನ ಮೊದಲು ಮನಸ್ಸಿಗೆ ತಂದುಕೊಳ್ಳಿ. ಪಾವಗಡದ ತಿರುಮಣಿ ಸುತ್ತಮುತ್ತ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಅಂತ ಶುರುವಾಯ್ತು. ಆ ದರದಲ್ಲಿ ಹತ್ತು ಎಕರೆ ಕೊಟ್ಟ ಮನೆಗೆ ವರ್ಷಕ್ಕೆ 2 ಲಕ್ಷದ 10 ಸಾವಿರ. ಒಂಬತ್ತು ಲಕ್ಷ ಅಂದರೆ ಆ ಮನೆಯ ನಾಲ್ಕು ವರ್ಷಕ್ಕೂ ಮೀರಿದ ಗುತ್ತಿಗೆ ಹಣ. ತಮಾಷೆಗೆ ಕೊಡೋ ದುಡ್ಡಲ್ಲ.

1. ಯಾವ ಕಾರುಗಳ ಮಾತು?

ಐಷಾರಾಮಿ ಕಂಪನಿಗಳ ಮೊದಲ ಮೆಟ್ಟಿಲಿನ ಕಾರುಗಳು. ನಮ್ಮ ದೇಶದಲ್ಲಿ ಬಿಎಂಡಬ್ಲ್ಯು ಎಕ್ಸ್1 2010ರ ಕೊನೆಗೆ ಬಂತು, ಆಡಿ ಕ್ಯು3 2012ರಲ್ಲಿ, ಮರ್ಸಿಡಿಸ್ ಎ-ಕ್ಲಾಸ್ ಮತ್ತು ಬಿಎಂಡಬ್ಲ್ಯು 1 ಸೀರೀಸ್ 2013ರಲ್ಲಿ, ಆಡಿ ಎ3 ಸೆಡಾನ್ 2014ರಲ್ಲಿ, ಮರ್ಸಿಡಿಸ್ ಸಿಎಲ್ಎ 2015ರಲ್ಲಿ. ಎ3 ಬಂದಾಗ ಅದರ ಶೋರೂಮ್ ಬೆಲೆ ಸುಮಾರು 23 ಲಕ್ಷದಿಂದ ಶುರು. ಅಂಥ ಕಾರುಗಳು ಈಗ ಮೂರನೇ ಕೈಗೋ ನಾಲ್ಕನೇ ಕೈಗೋ ಬಂದಿವೆ, ಹೊಸ ಸಣ್ಣ ಕಾರಿನ ಬೆಲೆಗೆ ಇಳಿದಿವೆ. ಈ ಪಾಠಕ್ಕೆ ಎ3ಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಇವುಗಳಲ್ಲಿ ಒಳ್ಳೆಯದು ಏನೂ ಇಲ್ಲ ಅಂತ ಯಾರೂ ಹೇಳೋಕಾಗಲ್ಲ. ಎ3 2012ರಲ್ಲೇ ಯುರೋಪಿನ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಕಾರು. ಬ್ರೇಕು, ಬಾಡಿಯ ಗಟ್ಟಿತನ, ಶಿರಾದಿಂದ ತುಮಕೂರಿಗೆ ಹೈವೇಯಲ್ಲಿ ಹೋಗುವಾಗ ರಸ್ತೆಗೆ ಅಂಟಿಕೊಂಡ ಹಾಗೆ ಓಡೋ ರೀತಿ, ಇವೆಲ್ಲ ನಿಜವಾದ ಗುಣಗಳೇ. ಆದರೆ ಆ ಗುಣಗಳಿಗೆ ನಾವು ಕೊಡೋ ಬೆಲೆ ಎಷ್ಟು ಅನ್ನೋದು ತಿಳಿದಿರಬೇಕು.

2. ಮೂಲ ಸೂತ್ರ

ಇಡೀ ಪಾಠದಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಂಡರೂ ಸಾಕು: ಕಾರಿನ ಬೆಲೆ ಇಳಿಯುತ್ತೆ, ಅದರ ಬಿಡಿಭಾಗದ ಬೆಲೆ ಇಳಿಯಲ್ಲ.

ಒಂಬತ್ತು ಲಕ್ಷಕ್ಕೆ ಸಿಕ್ಕ ಎ3ಗೆ ಒಂಬತ್ತು ಲಕ್ಷದ ಕಾರಿನ ಬ್ರೇಕ್ ಡಿಸ್ಕ್ ಹಾಕೋಕಾಗಲ್ಲ. ಇಪ್ಪತ್ಮೂರು ಲಕ್ಷದ ಕಾರಿನದ್ದೇ ಹಾಕಬೇಕು. ಟೈರು, ಶಾಕ್ ಅಬ್ಸಾರ್ಬರ್, ಹೆಡ್‌ಲ್ಯಾಂಪ್, ಸೆನ್ಸರ್ ಎಲ್ಲವೂ ಹಾಗೇ. ವಯಸ್ಸಾದ ಕಾರು ಬಿಡಿಭಾಗ ಕೇಳೋದೂ ಜಾಸ್ತಿ. ಅಂದರೆ ಕಾರಿನ ಬೆಲೆ ಕೆಳಗೆ ಬರುವಾಗ ರಿಪೇರಿ ಖರ್ಚಿನ ಗೆರೆ ಮೇಲೆ ಹೋಗುತ್ತೆ. ಒಂದು ಗ್ರಾಫ್ ಹಾಳೆಯಲ್ಲಿ ಎರಡನ್ನೂ ಎಳೆದು ನೋಡಿ. ಎರಡು ಗೆರೆ ಹತ್ತಿರ ಬರೋ ಜಾಗದಲ್ಲೇ ಮೊದಲ ಮಾಲೀಕರು ಕಾರನ್ನ ಮಾರೋದು. ನಮಗೆ ಅದು ಅಗ್ಗವಾಗಿ ಕಾಣೋದೂ ಅಲ್ಲೇ.

ಇನ್ಶೂರೆನ್ಸ್ ಇದೆಯಲ್ಲ ಅಂತೀರಾ? ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮ್ ಮಾಡಿದಾಗ ಲೋಹದ ಭಾಗಗಳಿಗೆ ಸವಕಳಿ ಅಂತ ಐದರಿಂದ ಹತ್ತು ವರ್ಷದ ಕಾರಿಗೆ 40%, ಹತ್ತು ವರ್ಷ ದಾಟಿದ್ದಕ್ಕೆ 50% ಕಡಿತ ಮಾಡ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ, ಏರ್‌ಬ್ಯಾಗಿಗೆ ಯಾವ ವಯಸ್ಸಾದರೂ 50%. ಈ ಕಡಿತ ಇಲ್ಲದ 'ಝೀರೋ ಡೆಪ್' ಅನ್ನೋ ಸೌಲಭ್ಯ ಹಳೇ ಕಾರಿಗೆ ಸಿಗೋದು ಕಷ್ಟ. ಬಂಪರ್ರೂ ಹೆಡ್‌ಲ್ಯಾಂಪೂ ಹೋಯ್ತು ಅಂದರೆ ಅರ್ಧ ದುಡ್ಡು ನಮ್ಮ ಜೇಬಿಂದಲೇ.

3. ಐದು ವರ್ಷದ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ವಿಧಾನ ತೋರಿಸೋಕೆ ಇಟ್ಟುಕೊಂಡವು. ನಿಮ್ಮ ಊರಿನ ಬೆಲೆ, ನಿಮ್ಮ ಓಡಾಟ ಹಾಕಿ ಬದಲಾಯಿಸಿಕೊಳ್ಳಿ. ವರ್ಷಕ್ಕೆ 12,000 ಕಿ.ಮೀ., ಐದು ವರ್ಷಕ್ಕೆ 60,000 ಕಿ.ಮೀ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತಲೇ ಇಟ್ಟುಕೊಳ್ಳೋಣ. ಎರಡೂ ಕಾರಿನ ಬೆಲೆ 9 ಲಕ್ಷ.

ಹಳೇ ಎ3 ಪೆಟ್ರೋಲ್:
- ಪೆಟ್ರೋಲ್, ಲೀಟರಿಗೆ 12 ಕಿ.ಮೀ.: 5 ಲಕ್ಷ
- ಇನ್ಶೂರೆನ್ಸ್: 1.5 ಲಕ್ಷ
- ಮಾಮೂಲಿ ಸರ್ವೀಸು, ವರ್ಷಕ್ಕೆ 40,000: 2 ಲಕ್ಷ
- ಒಂದು ಜೊತೆ ಟೈರು, ಬ್ಯಾಟರಿ: 60,000
- ದೊಡ್ಡ ರಿಪೇರಿ (ಗೇರ್‌ಬಾಕ್ಸ್, ಸಸ್ಪೆನ್ಶನ್, ಕೂಲಂಟ್ ಸೋರಿಕೆ): 2.5 ಲಕ್ಷ
- ಐದು ವರ್ಷದ ನಂತರ 3.5 ಲಕ್ಷಕ್ಕೆ ಮಾರಿದರೆ ಬೆಲೆಯಲ್ಲಿ ನಷ್ಟ: 5.5 ಲಕ್ಷ
ಒಟ್ಟು 17.1 ಲಕ್ಷ. ಕಿಲೋಮೀಟರಿಗೆ 28 ರೂಪಾಯಿ 50 ಪೈಸೆ.

ಹೊಸ ಸಣ್ಣ ಕಾರು:
- ಪೆಟ್ರೋಲ್, ಲೀಟರಿಗೆ 20 ಕಿ.ಮೀ.: 3 ಲಕ್ಷ
- ಇನ್ಶೂರೆನ್ಸ್: 1.5 ಲಕ್ಷ
- ಸರ್ವೀಸು, ವರ್ಷಕ್ಕೆ 10,000: 50,000
- ಟೈರು, ಬ್ಯಾಟರಿ: 30,000
- 4.5 ಲಕ್ಷಕ್ಕೆ ಮಾರಿದರೆ ಬೆಲೆಯಲ್ಲಿ ನಷ್ಟ: 4.5 ಲಕ್ಷ
ಒಟ್ಟು 9.8 ಲಕ್ಷ. ಕಿಲೋಮೀಟರಿಗೆ ಸುಮಾರು 16 ರೂಪಾಯಿ 30 ಪೈಸೆ.

ವ್ಯತ್ಯಾಸ 7.3 ಲಕ್ಷ. ಅದನ್ನ 60 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 12,000 ರೂಪಾಯಿ. ಮೇಲೆ ಹೇಳಿದ ಗುತ್ತಿಗೆ ದರದಲ್ಲಿ ನೋಡಿದರೆ ಸುಮಾರು ಏಳು ಎಕರೆಯ ಗುತ್ತಿಗೆ ಪ್ರತಿ ವರ್ಷ ಈ ವ್ಯತ್ಯಾಸಕ್ಕೇ ಹೋಗುತ್ತೆ. ಮಾವನಿಗೆ ಈ ಸಂಖ್ಯೆ ಹೇಳಿ. "ಬೇಡ" ಅನ್ನೋ ಮಾತಿಗಿಂತ "ತಿಂಗಳಿಗೆ ಹನ್ನೆರಡು ಸಾವಿರ ಜಾಸ್ತಿ ಬೀಳುತ್ತೆ, ಆಗುತ್ತಾ ಮಾವ?" ಅನ್ನೋ ಪ್ರಶ್ನೆ ಅವರಿಗೆ ಬೇಗ ಅರ್ಥ ಆಗುತ್ತೆ. ಆಗುತ್ತೆ ಅಂದರೆ ಕಾರು ತರೋದರಲ್ಲಿ ತಪ್ಪೇನಿಲ್ಲ.

4. ನಮ್ಮ ದೂರ, ನಮ್ಮ ರಸ್ತೆ, ನಮ್ಮ ಸುಗ್ಗಿ

ಬೆಂಗಳೂರಿನವರ ಲೆಕ್ಕದಲ್ಲಿ ಇಲ್ಲದ ಮೂರು ವಿಷಯ ನಮ್ಮ ಲೆಕ್ಕದಲ್ಲಿವೆ.

ಮೊದಲನೆಯದು ದೂರ. ಈ ಬ್ರ್ಯಾಂಡುಗಳ ಅಧಿಕೃತ ವರ್ಕ್‌ಶಾಪಿಗೆ ನಾವು ಬೆಂಗಳೂರಿಗೇ ಹೋಗಬೇಕು. ಕೊರಟಗೆರೆಯಿಂದ ನೂರು ಕಿ.ಮೀ. ಒಳಗೆ, ಮಧುಗಿರಿಯಿಂದ ಸುಮಾರು 110, ಶಿರಾದಿಂದ ಸುಮಾರು 120, ಪಾವಗಡದಿಂದ 150ಕ್ಕೂ ಹೆಚ್ಚು. ಪಾವಗಡದವರು ಕಾರು ಬಿಟ್ಟು ಬಸ್ಸಲ್ಲಿ ವಾಪಸ್ ಬಂದು, ಮತ್ತೆ ಬಸ್ಸಲ್ಲಿ ಹೋಗಿ ಕಾರು ತರೋದು ಅಂದರೆ 600 ಕಿ.ಮೀ. ಓಡಾಟ, ಎರಡು ದಿನದ ಕೆಲಸ ಹಾಳು. ಕಾರು ಊರಲ್ಲೇ ನಿಂತುಹೋದರೆ ಟೋಯಿಂಗ್ ಗಾಡಿ ಬಾಡಿಗೆ ಬೇರೆ. ಆಟೊಮ್ಯಾಟಿಕ್ ಗೇರಿನ ಕಾರನ್ನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗೋ ಹಾಗಿಲ್ಲ, ಗೇರ್‌ಬಾಕ್ಸ್ ಹಾಳಾಗುತ್ತೆ. ಹಲಗೆಯ ಲಾರಿ ಮೇಲೆ ಹತ್ತಿಸಿಯೇ ಸಾಗಿಸಬೇಕು.

ಎರಡನೆಯದು ಟೈರು. ಟೈರಿನ ಮೇಲೆ 225/45 ಆರ್17 ಅಂತ ಇದ್ದರೆ ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ 45%, ಅಂದರೆ 101 ಮಿ.ಮೀ. ಸಾಮಾನ್ಯ ಕಾರಿನ 185/65 ಆರ್15 ಟೈರಿನಲ್ಲಿ ಇದು 120 ಮಿ.ಮೀ. ಗುಂಡಿಗೆ ಬಿದ್ದಾಗ ಏಟು ತಡೆಯೋದು ಈ ರಬ್ಬರ್ ಗೋಡೆ. ಎರಡು ಸೆಂಟಿಮೀಟರ್ ಕಡಿಮೆ ಆದರೆ ಆ ಏಟು ರಿಮ್ಮಿಗೆ ಹೋಗುತ್ತೆ. ಬಿಎಂಡಬ್ಲ್ಯುಗಳಲ್ಲಿ ಹೆಚ್ಚಾಗಿ ರನ್‌ಫ್ಲ್ಯಾಟ್ ಟೈರು ಇರುತ್ತೆ, ಸ್ಟೆಪ್ನಿ ಇರಲ್ಲ. ಗಾಳಿ ಹೋದರೂ ಗಂಟೆಗೆ 80 ಕಿ.ಮೀ. ಮೀರದ ಹಾಗೆ ಸುಮಾರು 80 ಕಿ.ಮೀ. ಓಡಬಹುದು ಅನ್ನೋದು ಅದರ ಲೆಕ್ಕ. ಪಾವಗಡದಲ್ಲಿ ಟೈರು ಹೋದರೆ ಆ 80 ಕಿ.ಮೀ. ತುಮಕೂರಿನವರೆಗೂ ಸಾಲದು. ಎರಡು ರಾತ್ರಿ ಕಾರು ಅಂಗಳದಲ್ಲಿ ನಿಂತೇ ಇರಬೇಕಾಗಬಹುದು.

ಮೂರನೆಯದು ಸುಗ್ಗಿ. ರಾಗಿ, ಹುರುಳಿ ಒಕ್ಕಣೆಯ ಕಾಲದಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಒಣ ಹುರುಳಿ ಸೊಪ್ಪು ಆಕ್ಸಲ್‌ಗೆ ಸುತ್ತಿಕೊಂಡು ಓಡುವ ಕಾರಿಗೆ ಬೆಂಕಿ ಹತ್ತಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಕಾರು ನೆಲಕ್ಕೆ ಹತ್ತಿರ ಇದ್ದಷ್ಟೂ ಈ ಅಪಾಯ ಹೆಚ್ಚು. ಹೊಸ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಡಿಪಿಎಫ್ ಅನ್ನೋ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಅದು ತನ್ನ ಮಸಿಯನ್ನ ತಾನೇ ಸುಟ್ಟುಕೊಳ್ಳುವಾಗ ಒಳಗಿನ ಶಾಖ 600 ಡಿಗ್ರಿ ಹತ್ತಿರ ಹೋಗುತ್ತೆ. ಈ ಸುಡುವ ಕೆಲಸಕ್ಕೆ ಹೈವೇಯ ಉದ್ದ ಓಟ ಬೇಕು. ಮನೆಯಿಂದ ಮಧುಗಿರಿ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ತೋಟಕ್ಕೆ ಅಂತ ಮೂರು ಮೂರು ಕಿ.ಮೀ. ಓಡಿಸೋರಿಗೆ ಡಿಪಿಎಫ್ ಇರೋ ಡೀಸೆಲ್ ಬೇಡವೇ ಬೇಡ. ಫಿಲ್ಟರ್ ಕಟ್ಟಿಕೊಳ್ಳುತ್ತೆ.

5. ಗೇರ್‌ಬಾಕ್ಸಿನೊಳಗೆ ಒಂದು ಇಣುಕು

ಈ ಕಾರುಗಳಲ್ಲಿ ಜೇಬಿಗೆ ದೊಡ್ಡ ಏಟು ಕೊಡೋದು ಹೆಚ್ಚಾಗಿ ಗೇರ್‌ಬಾಕ್ಸೇ. ಎ3ಯಲ್ಲಿ ಇರೋದು ಎರಡು ಕ್ಲಚ್ಚಿನ ಗೇರ್‌ಬಾಕ್ಸ್. ಒಂದು ಕ್ಲಚ್ಚು 1, 3, 5, 7ನೇ ಗೇರಿಗೆ, ಇನ್ನೊಂದು 2, 4, 6ಕ್ಕೆ. ಒಂದು ಗೇರಲ್ಲಿ ಓಡುವಾಗಲೇ ಮುಂದಿನದು ರೆಡಿ ಇರುತ್ತೆ, ಅದಕ್ಕೇ ಗೇರು ಬದಲಾದದ್ದು ಗೊತ್ತೇ ಆಗಲ್ಲ.

ಇದರಲ್ಲಿ ಎರಡು ಜಾತಿ. ಎ3ಯ 1.8 ಪೆಟ್ರೋಲಿನಲ್ಲಿರೋ ಏಳು ಗೇರಿನದ್ದು ಒಣ ಕ್ಲಚ್ಚು, ಅದು ತಡೆಯೋ ತಿರುಗುಬಲ 250 ನ್ಯೂಟನ್ ಮೀಟರ್. 2.0 ಡೀಸೆಲಿನಲ್ಲಿರೋ ಆರು ಗೇರಿನದ್ದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚು, ಅದು 350ರವರೆಗೆ ತಡೆಯುತ್ತೆ. ಎಣ್ಣೆ ಶಾಖವನ್ನ ಹೊತ್ತುಕೊಂಡು ಹೋಗುತ್ತೆ, ಆದ್ದರಿಂದ ಎರಡನೆಯದು ಗಟ್ಟಿ. ಆದರೆ ಅದರ ಎಣ್ಣೆಯನ್ನ 60,000 ಕಿ.ಮೀ.ಗೆ ಒಮ್ಮೆ ಬದಲಾಯಿಸಲೇಬೇಕು. ಬದಲಾಯಿಸಿದ ಬಿಲ್ಲು ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ತಿಳಿಯಿರಿ. ಒಣ ಕ್ಲಚ್ಚಿಗೆ ಬೆಂಗಳೂರಿನ ಟ್ರಾಫಿಕ್ಕೇ ಶತ್ರು. ಪೀಣ್ಯದ ಜಾಮಿನಲ್ಲಿ ದಿನಾ ತೆವಳಿದ ಕಾರಿನ ಮೀಟರ್ 50,000 ತೋರಿಸಿದರೂ ಕ್ಲಚ್ಚಿನ ವಯಸ್ಸು ಅದಕ್ಕಿಂತ ಹೆಚ್ಚು.

ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಮುಟ್ಟದೆ ಬ್ರೇಕ್ ಮೆಲ್ಲಗೆ ಬಿಡಿ. ಕಾರು ನಡುಕ ಇಲ್ಲದೆ ತೆವಳಬೇಕು. ಒಂದರಿಂದ ಎರಡಕ್ಕೆ ಹೋಗುವಾಗ ಜರ್ಕು, ಟಕ್ ಅನ್ನೋ ಶಬ್ದ ಇದೆಯಾ ನೋಡಿ. ಆಮೇಲೆ ದೇವರಾಯನದುರ್ಗದ ಏರು ರಸ್ತೆಗೆ ಕರೆದುಕೊಂಡು ಹೋಗಿ. ಏರಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ, ನಾಲ್ಕೈದು ಸಲ. ಕ್ಲಚ್ಚು ಬಿಸಿಯಾದ ಮೇಲೆ ಅದರ ಕಾಯಿಲೆ ಹೊರಗೆ ಬರುತ್ತೆ. ರಿವರ್ಸಿನಲ್ಲಿ ಏರಿಗೆ ಹತ್ತಿಸಿ ನೋಡೋದನ್ನೂ ಮರೀಬೇಡಿ.

6. ಕಾಗದ ಪತ್ರ

ನಮ್ಮ ನಾಲ್ಕೂ ತಾಲ್ಲೂಕಿನವರಿಗೆ ಹತ್ತಿರದ ಆರ್‌ಟಿಒ ಗುರುತು ಮಧುಗಿರಿಯ ಕೆಎ-64. ತುಮಕೂರಿನದು ಕೆಎ-06. ಇದೇ ರಾಜ್ಯದ ಕಾರಾದರೆ ಫಾರಂ 29, ಫಾರಂ 30, ಸಾಲ ಇದ್ದಿದ್ದರೆ ಬ್ಯಾಂಕಿನ ಫಾರಂ 35, ಇಷ್ಟರಲ್ಲಿ ಹೆಸರು ಬದಲಾವಣೆ ಆಗುತ್ತೆ. ಹೊರರಾಜ್ಯದ ಕಾರಾದರೆ ಲೆಕ್ಕವೇ ಬೇರೆ.

ಪಾವಗಡದ ಮೂರು ದಿಕ್ಕಿಗೂ ಆಂಧ್ರ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಎಲ್ಲ ಪಕ್ಕದಲ್ಲೇ. ನೆಂಟಸ್ತಿಕೆ, ವ್ಯಾಪಾರ ಎರಡೂ ಅತ್ತ ಇತ್ತ ನಡೆಯುತ್ತೆ. ಹಾಗಾಗಿ ಎಪಿ ನಂಬರಿನ ಕಾರು ನಮ್ಮ ಕಣ್ಣಿಗೆ ಹೊರರಾಜ್ಯದ್ದು ಅನ್ನಿಸೋದೇ ಇಲ್ಲ. ಆದರೆ ಕಾನೂನಿನ ಕಣ್ಣಿಗೆ ಹೊರರಾಜ್ಯದ್ದೇ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಇಲ್ಲಿಯ ನಂಬರ್ ಪಡೆಯಬೇಕು. ಅದಕ್ಕೆ ಅಲ್ಲಿಯ ಎನ್‌ಒಸಿ ಬೇಕು, ಅಂದರೆ ಫಾರಂ 28. ಜೊತೆಗೆ ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು.

ದೆಹಲಿ ಕಾರುಗಳ ಕಥೆಯೂ ಇದೇ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿ ದೆಹಲಿ ಸುತ್ತಮುತ್ತ ಓಡಬಾರದು ಅಂತ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಮೇಲೆ ಆ ನಿಯಮ ಕೋರ್ಟಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಸಡಿಲವಾದರೂ ವಯಸ್ಸಾಗುತ್ತಿರೋ ಡೀಸೆಲ್ ಕಾರುಗಳು ಅಗ್ಗದ ಬೆಲೆಗೆ ದಕ್ಷಿಣದ ಕಡೆ ಬರೋದು ರೂಢಿಯಾಯಿತು. ಬ್ರೋಕರ್ "ಎರಡು ಲಕ್ಷ ಕಡಿಮೆ ಸಾರ್" ಅಂದಾಗ ತೆರಿಗೆಯ ಲೆಕ್ಕ ಕೇಳಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ 18%, ಆ ತೆರಿಗೆಯ ಮೇಲೆ 11% ಸೆಸ್. 25 ಲಕ್ಷದ ಹೊಸ ಕಾರಿಗೆ ಅದು 4,99,500 ರೂಪಾಯಿ. ಹಳೇ ಕಾರಿಗೆ ವಯಸ್ಸಿನ ಪ್ರಕಾರ ಕಡಿತ ಉಂಟು, ಆದರೆ ಲೆಕ್ಕ ಶುರುವಾಗೋದು ಹೊಸದಾಗಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಒಂಬತ್ತು ಲಕ್ಷದಿಂದ ಅಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಆರ್‌ಸಿ ಪ್ರತಿ ಹಿಡಿದುಕೊಂಡು ಆರ್‌ಟಿಒ ಕಛೇರಿಗೆ ಹೋಗಿ ತೆರಿಗೆ ಎಷ್ಟು ಅಂತ ಕೇಳಿ, ಆ ಮೊತ್ತವನ್ನ ಕಾರಿನ ಬೆಲೆಗೆ ಸೇರಿಸಿ. ಆಗ ಅಗ್ಗದ ಕಾರು ಅಗ್ಗವಾಗೇ ಉಳಿದರೆ ಸರಿ.

ಇನ್ನೊಂದು ಮಾತು. ಕಾರು ಕೈಗೆ ಬಂದ 14 ದಿನದೊಳಗೆ ಇನ್ಶೂರೆನ್ಸನ್ನ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರಲ್ಲ, ಅದು ಅವರದ್ದು.

7. ನೋಡೋಕೆ ಹೋದ ದಿನ

ಈ ಕ್ರಮದಲ್ಲಿ ನೋಡಿ. ಎಲ್ಲಿ ತಪ್ಪು ಕಂಡರೂ ಅಲ್ಲೇ ನಿಲ್ಲಿಸಿ ವಾಪಸ್ ಬರಬಹುದು.

ಒಂದು, ಬೆಳಗ್ಗೆ ಹೋಗಿ. ಎಂಜಿನ್ ತಣ್ಣಗಿರಬೇಕು. ನಾವು ಬರೋ ಹೊತ್ತಿಗೆ ಬೋನೆಟ್ ಬಿಸಿ ಇದ್ದರೆ ಯಾಕೆ ಅಂತ ಕೇಳಿ. ಸ್ಟಾರ್ಟ್ ಮಾಡಿದ ಕೂಡಲೇ ಬರೋ ಚೈನಿನ ಸದ್ದು, ನೀಲಿ ಹೊಗೆ ಬಿಸಿ ಎಂಜಿನಿನಲ್ಲಿ ಸಿಕ್ಕಿಬೀಳಲ್ಲ.

ಎರಡು, ಕೂಲಂಟ್ ಡಬ್ಬಿಯ ಮಟ್ಟ ನೋಡಿ. ಈ ಎಂಜಿನುಗಳಲ್ಲಿ ವಾಟರ್ ಪಂಪಿನ ಪ್ಲಾಸ್ಟಿಕ್ ಕವಚದಿಂದ ಸೋರೋದು ಸಾಮಾನ್ಯ. ಶಿರಾದ ಬೇಸಿಗೆಯಲ್ಲಿ ಸಣ್ಣ ಸೋರಿಕೆಯೂ ಎಂಜಿನನ್ನ ಬೇಯಿಸಿಬಿಡುತ್ತೆ.

ಮೂರು, ನೀರು ನುಗ್ಗಿದ ಕಾರಾ ಅಂತ ಪರೀಕ್ಷಿಸಿ. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರಿನ ಕಡೆ ಐಷಾರಾಮಿ ಕಾರುಗಳೂ ಮುಳುಗಿದವು. ಸೀಟ್‌ಬೆಲ್ಟನ್ನ ಪೂರ್ತಿ ಹೊರಗೆ ಎಳೆಯಿರಿ, ಕೊನೆಯಲ್ಲಿ ಮಣ್ಣಿನ ಕಲೆ ಇದೆಯಾ ನೋಡಿ. ಸೀಟಿನ ಕೆಳಗಿನ ಬೋಲ್ಟಿಗೆ ತುಕ್ಕು, ಕಾರ್ಪೆಟ್ಟಿಗೆ ಮುಗ್ಗಲು ವಾಸನೆ ಇದ್ದರೆ ನಮಸ್ಕಾರ ಹೇಳಿ ಬನ್ನಿ.

ನಾಲ್ಕು, ಬಣ್ಣದ ದಪ್ಪ ಅಳೆಯೋ ಮೀಟರ್ ಸಿಕ್ಕರೆ ಬಳಸಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. 300 ದಾಟಿದರೆ ಮತ್ತೆ ಬಳಿದಿದ್ದಾರೆ, ಇನ್ನೂ ಹೆಚ್ಚಾದರೆ ಒಳಗೆ ಪುಟ್ಟಿ ಇದೆ.

ಐದು, ಟೈರಿನ ಮೇಲಿನ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರದ್ದು. ನಾಲ್ಕು ಚಕ್ರಕ್ಕೆ ನಾಲ್ಕು ಕಂಪನಿಯ ಟೈರು ಇದ್ದರೆ ಮಾಲೀಕರು ಬೇರೆ ಕಡೆಯೂ ಹಾಗೇ ದುಡ್ಡು ಉಳಿಸಿರ್ತಾರೆ.

ಆರು, ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ. ದೋಷ ಏನೂ ಇಲ್ಲ ಅಂತ ಬಂದರೆ ಅಷ್ಟಕ್ಕೇ ಖುಷಿ ಪಡಬೇಡಿ. 'ರೆಡಿನೆಸ್ ಮಾನಿಟರ್' ಅನ್ನೋ ಪುಟ ನೋಡಿ. ಅಲ್ಲಿ ಹಲವು ಇನ್ನೂ ಪೂರ್ತಿಯಾಗಿಲ್ಲ ಅಂತಿದ್ದರೆ ಇತ್ತೀಚೆಗೆ ಯಾರೋ ದೋಷಗಳನ್ನ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು. ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯರಿಗೆ ಈ ಕೆಲಸ ಹತ್ತು ನಿಮಿಷದ್ದು.

ಏಳು, ಇಷ್ಟೆಲ್ಲ ಪಾಸಾದರೆ ಚಾಸಿ ನಂಬರ್ ಕೊಟ್ಟು ಸರ್ವೀಸ್ ಇತಿಹಾಸ, ಬಾಕಿ ಉಳಿದ ರೀಕಾಲ್ ಕೇಳಿ. ಆಮೇಲೆ ದುಡ್ಡು ಕೊಟ್ಟು ವರ್ಕ್‌ಶಾಪಿನ ಲಿಫ್ಟಿನ ಮೇಲೆ ಹತ್ತಿಸಿ ತಪಾಸಣೆ ಮಾಡಿಸಿ. ತಪಾಸಣೆಗೆ ಒಪ್ಪದ ಮಾರಾಟಗಾರರ ಹತ್ತಿರ ವ್ಯಾಪಾರ ಬೇಡ.

8. ಹಾಗಾದರೆ ಯಾರು ತಗೋಬಹುದು?

ಮೂರು ಪ್ರಶ್ನೆ ಕೇಳಿಕೊಳ್ಳಿ. ಕಾರಿನ ಬೆಲೆಯ ಕಾಲು ಭಾಗವನ್ನ ಖರೀದಿ ದಿನವೇ ರಿಪೇರಿಗೆ ಅಂತ ಬೇರೆ ಎತ್ತಿಡೋಕೆ ಆಗುತ್ತಾ? ಕಾರು ಹದಿನೈದು ದಿನ ಗ್ಯಾರೇಜಿನಲ್ಲಿ ನಿಂತರೆ ಮನೆಯಲ್ಲಿ ಇನ್ನೊಂದು ಗಾಡಿ ಇದೆಯಾ? ತಿಂಗಳಿಗೆ ಒಮ್ಮೆಯಾದರೂ ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋಗೋದಿದೆಯಾ? ಮೂರಕ್ಕೂ ಹೌದು ಅನ್ನೋರು ಧೈರ್ಯವಾಗಿ ತಗೊಳ್ಳಿ. ಒಂದಕ್ಕೆ ಇಲ್ಲ ಅಂದರೂ ಯೋಚನೆ ಮಾಡಿ. ಮನೆಗೆ ಇದೊಂದೇ ಗಾಡಿ, ಅಜ್ಜಿಯನ್ನ ರಾತ್ರಿ ಆಸ್ಪತ್ರೆಗೆ ಕರೆದೊಯ್ಯೋದಕ್ಕೂ ಇದೇ ಅಂದರೆ ಹಳೇ ಐಷಾರಾಮಿ ಕಾರು ಆ ಮನೆಗಲ್ಲ.

ನಡುವಿನ ದಾರಿಯೂ ಒಂದಿದೆ. ಎ3 ನಿಂತಿರೋ ಎಂಕ್ಯುಬಿ ಅನ್ನೋ ತಳಪಾಯದ ಮೇಲೇ 2013ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಕೂಡ ನಿಂತಿದೆ. ಆಗ ಅದರ ಬೆಲೆ ಸುಮಾರು 14 ಲಕ್ಷದಿಂದ ಶುರು. 1.8 ಪೆಟ್ರೋಲ್ ಎಂಜಿನ್ನು, ಏಳು ಗೇರಿನ ಪೆಟ್ಟಿಗೆ ಅದೇ ಮನೆತನದವು. ಹಿಂದಿನ ಸೀಟಿನಲ್ಲಿ, ಡಿಕ್ಕಿಯಲ್ಲಿ ಜಾಗ ಇನ್ನೂ ಹೆಚ್ಚು. ಗೇರ್‌ಬಾಕ್ಸಿನ ಚಿಂತೆಯೇ ಬೇಡ ಅಂದರೆ ಕೈಗೇರಿನ ಆಕ್ಟೇವಿಯಾ ಕೂಡ ಇದೆ. ಮುಂದೆ ನಾಲ್ಕು ಉಂಗುರ ಇರಲ್ಲ, ಅಷ್ಟೇ. ಆ ನಾಲ್ಕು ಉಂಗುರಕ್ಕೆ ಎಷ್ಟು ಬೆಲೆ ಅನ್ನೋದನ್ನ ಪ್ರತಿ ಮನೆಯೂ ತಾನೇ ತೀರ್ಮಾನ ಮಾಡಬೇಕು.

ಅಭ್ಯಾಸ

ಕೊರಟಗೆರೆಯ ಒಬ್ಬ ಅಡಿಕೆ ವ್ಯಾಪಾರಿ ವರ್ಷಕ್ಕೆ 25,000 ಕಿ.ಮೀ. ಓಡಿಸ್ತಾರೆ, ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗ್ತಾರೆ, ಮನೆಯಲ್ಲಿ ಇನ್ನೊಂದು ಕಾರಿದೆ. ಪಾವಗಡದ ಒಬ್ಬ ಮೇಷ್ಟ್ರು ವರ್ಷಕ್ಕೆ 6,000 ಕಿ.ಮೀ. ಓಡಿಸ್ತಾರೆ, ಎಪಿ ನಂಬರಿನ ಡೀಸೆಲ್ ಕಾರು ನೋಡಿದ್ದಾರೆ, ಇದೇ ಮನೆಯ ಮೊದಲ ಕಾರು. ಮೂರನೇ ಭಾಗದ ಪಟ್ಟಿಯಲ್ಲಿ ಇಬ್ಬರ ಅಂಕಿಗಳನ್ನೂ ಹಾಕಿ, ಕಿಲೋಮೀಟರಿಗೆ ಎಷ್ಟು ಬೀಳುತ್ತೆ ಅಂತ ಕಂಡುಹಿಡಿಯಿರಿ. ಮೇಷ್ಟ್ರ ಲೆಕ್ಕಕ್ಕೆ ತೆರಿಗೆ ಸೇರಿಸೋದನ್ನ ಮರೀಬೇಡಿ. ಆಮೇಲೆ ಇಬ್ಬರಿಗೂ ಒಂದೊಂದು ವಾಕ್ಯದಲ್ಲಿ ಸಲಹೆ ಬರೆಯಿರಿ, ಅವರಿಗೆ ಅರ್ಥವಾಗೋ ಕನ್ನಡದಲ್ಲಿ.